ಕರ್ಣ ಒಪ್ಪಿಕೊಂಡ ಮಧ್ಯಾಹ್ನ

"ಈ ಸಲ ಕರ್ಣನನ್ನು ನೀವೇ ಮಾಡಿ ಪೋಸ್ಟ್ ಮಾಷ್ಟ್ರೇ."

ಬಂಟ್ವಾಳದ ತಾಳಮದ್ದಳೆ ಸಮಿತಿಯ ಕಾರ್ಯದರ್ಶಿ ಹೀಗೆಂದದ್ದು ನಾರಾವಿಯ ನಮ್ಮ ಮನೆಯ ಜಗಲಿಯಲ್ಲಿ, ಕಾಫಿಯನ್ನು ಊದಿ ಊದಿ ಕುಡಿಯುತ್ತ. ಬಸ್ಸಿನ ಹೊತ್ತು ಬದಲಾದ ಸುದ್ದಿ ಹೇಳಿದ ಹಾಗಿತ್ತು ಅವರ ಧ್ವನಿ.

"ಕರ್ಣ ಟೈಲರದ್ದಲ್ವಾ? ಮೂವತ್ತು ವರ್ಷದಿಂದ ಅವರದ್ದೇ. ನಾನು ಕೃಷ್ಣ."

"ಕೃಷ್ಣನಿಗೆ ಪುತ್ತೂರು ಕಡೆಯವರೊಬ್ಬರು ಸಿಕ್ಕಿದ್ದಾರೆ. ಒಳ್ಳೆ ಮಾತುಗಾರ. ಟೈಲರಿಗೆ ಒಂದು ವರ್ಷ ವಿಶ್ರಾಂತಿ ಆಗ್ಲಿ. ಆ ವಿಡಿಯೊ ಗಲಾಟೆ ಆದ ಮೇಲೆ ಕೆಲವರು ಕೇಳ್ತಾ ಇದ್ದಾರೆ, ಯಾಕೆ ಸುಮ್ಮನೆ ಅಂತ. ನನಗೆಂತ ಇಲ್ಲ, ಗೊತ್ತುಂಟಲ್ಲ ನಿಮಗೆ? ನೀವೇ ಒಂದು ಮಾತು ಹೇಳಿ ಅವರಿಗೆ. ನೀವು ಹೇಳಿದ್ರೆ ಬೇಜಾರು ಮಾಡ್ಲಿಕ್ಕಿಲ್ಲ."

ಎಪ್ಪತ್ತೊಂದಾಯಿತು ನನಗೆ. ಈಗೀಗ ಸಿಟ್ಟು ಬರುವ ಮೊದಲು ಆಯಾಸ ಬರುತ್ತದೆ, ಸಿಟ್ಟಿಗೆ ಒಳಗೆ ಜಾಗವೇ ಉಳಿಯುವುದಿಲ್ಲ.

ಕಾರ್ಯದರ್ಶಿ ಗ್ಲಾಸು ಕೆಳಗಿಟ್ಟು ಉತ್ಸಾಹದಿಂದ ಮುಂದುವರಿದರು. "ಮತ್ತೊಂದು ವಿಷಯ. ನಿಮ್ಮ ಸೊಸೆಯ ಒಟ್ಟಿಗೆ ಒಬ್ಬರು ಇಂಡೋನೇಷ್ಯಾದ ಮೇಡಂ ತಿರುಗ್ತಾ ಇದ್ದಾರಲ್ಲ, ಅವರನ್ನು ಕರ್ಕೊಂಡು ಬನ್ನಿ. ಶಾಲು ಹೊದಿಸಿ ಸನ್ಮಾನ ಮಾಡುವ. ಅಲ್ಲಿಯ ಮುಸ್ಲಿಮರು ಮಹಾಭಾರತ ಆಡ್ತಾರೆ ಮಾರಾಯ್ರೆ! ಅವರ ನೋಟಿನಲ್ಲಿ ಗಣಪತಿ ಇದ್ದನಂತೆ. ಇಲ್ಲಿಯವರು ಅದನ್ನು ನೋಡಿ ಸ್ವಲ್ಪ ಕಲೀಬೇಕು."

ತಮಾಷೆ ಮಾಡುತ್ತಿದ್ದಾರೆಯೇ ಎಂದು ಅವರ ಮುಖ ನೋಡಿದೆ. ಇಲ್ಲ. ಮನುಷ್ಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಕೆಟ್ಟವರಲ್ಲ ಅವರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ರಕ್ತ ಕೊಟ್ಟವರು.

ನಮ್ಮ ಕಡೆಯವರಲ್ಲದವರಿಗೆ ತಾಳಮದ್ದಳೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳ ಎಲ್ಲವನ್ನೂ ತೆಗೆದ ಮೇಲೆ ಏನು ಉಳಿಯುತ್ತದೆಯೋ ಅದು. ಭಾಗವತರು ಪದ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಎದುರುಬದುರು ಕುಳಿತವರು ತಮ್ಮ ತಮ್ಮ ಪಾತ್ರದ ಪರವಾಗಿ ಮಾತಾಡುತ್ತಾರೆ. ಅದಕ್ಕೆ ನಾವು ಅರ್ಥ ಹೇಳುವುದು ಎನ್ನುತ್ತೇವೆ. ಬರೆದಿಟ್ಟ ಮಾತಿಲ್ಲ. ಕೃಷ್ಣ ಒಂದು ವಾದ ಹೂಡಿದರೆ ಕರ್ಣ ಆ ಕ್ಷಣದಲ್ಲಿ ಹುಟ್ಟಿಸಿದ ಮಾತಿನಿಂದ ಅದನ್ನು ಕತ್ತರಿಸಬೇಕು. ಮೈಮೇಲೆ ಪಂಚೆ, ಜುಬ್ಬ, ಹೆಗಲಿಗೊಂದು ಶಾಲು. ನೋಡಲಿಕ್ಕೆ ನಿವೃತ್ತರ ಸಂಘದ ಸಭೆಯ ಹಾಗೆಯೇ ಇರುತ್ತದೆ. ಮಳೆಗಾಲದಲ್ಲಿ ಯಕ್ಷಗಾನ ಆಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮದು ಸುರು.

ನಮ್ಮ ಮನೆಯ ಮಾತು ತುಳು. ಕನ್ನಡ ನನಗೆ ಶಾಲೆಯಿಂದ ಸ್ವಲ್ಪ ಬಂತು, ಅಜ್ಜನಿಂದ ಹೆಚ್ಚು ಬಂತು. ಅಜ್ಜನಿಗೆ ಓದು ಬರೆಹ ಇಲ್ಲ, ಆದರೆ ಕೌರವನ ಅರ್ಥ ಬಾಯಿಗೆ ಬರುತ್ತಿತ್ತು. ಉಳುವಾಗ ಎತ್ತುಗಳಿಗೆ "ಎಲೈ ಮೂಢರೇ, ಈ ನಿಮ್ಮ ಆಲಸ್ಯಕ್ಕೆ ಕಾರಣವೇನು?" ಎಂದು ಬೈಯುತ್ತಿದ್ದರು. ಆ ಕನ್ನಡವನ್ನೇ ಕಟ್ಟಿಕೊಂಡು ನಾನು ಮೊದಲ ಸಲ ಬೆಳ್ತಂಗಡಿಯ ತಾಲೂಕು ಕಚೇರಿಗೆ ಹೋಗಿ ಗುಮಾಸ್ತರಿಗೆ "ತಾವು ದಯಮಾಡಿ ಅಪ್ಪಣೆ ಕೊಡಿಸಬೇಕು" ಎಂದಾಗ ಆ ಮನುಷ್ಯ ಗಾಬರಿಯಿಂದ ಎದ್ದು ನಿಂತಿದ್ದರು. ಮುಂದೆ ಅಂಚೆ ಇಲಾಖೆಗೆ ಸೇರಿ ಮೂಡುಬಿದಿರೆಗೆ ಬಂದೆ. ಅಲ್ಲಿ ಪೇಟೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಮುದುಕರೊಬ್ಬರು ನನಗೆ ಗುರುವಾದರು. ಅಂಟು ಹಚ್ಚುತ್ತಲೇ ಪಾಠ. ಅದೇ ಅಂಗಡಿಯ ಇನ್ನೊಂದು ಮಣೆಯ ಮೇಲೆ ಕುಳಿತು ಕಲಿತವರು ತೋಡಾರಿನ ಬ್ಯಾರಿ ಮುಸ್ಲಿಮರಾದ ಟೈಲರು. ಅವರ ಮನೆಯ ಮಾತು ಬ್ಯಾರಿ ಭಾಷೆ, ಪೇಟೆಯ ಮಾತು ತುಳು. ಕನ್ನಡ ಅವರಿಗೂ ನನ್ನ ಹಾಗೆ ಹಿರಿಯರ ಬಾಯಿಂದಲೇ ಬಂದದ್ದು. ಹೊಲಿಗೆ ಮೆಷಿನು ತುಳಿಯುತ್ತ ಕರ್ಣನ ಮಾತು ಕಟ್ಟುತ್ತಿದ್ದರು. ಅಳತೆ ಕೊಡಲು ಬಂದವರು ಟೇಪು ಸುತ್ತಿಸಿಕೊಂಡು ನಿಂತಲ್ಲೇ ಅರ್ಧ ಪ್ರಸಂಗ ಕೇಳಿ ಹೋಗುತ್ತಿದ್ದರು.

ಬಂಟ್ವಾಳದ ಕೂಟ ಆ ಗುರುಗಳ ನೆನಪಿನದು. ಪ್ರತಿ ವರ್ಷ ಒಂದೇ ಪ್ರಸಂಗ. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು, "ನೀನು ಕುಂತಿಯ ಮಗ, ನಮ್ಮವನು, ಬಾ, ರಾಜ್ಯ ನಿನ್ನದು" ಎನ್ನುತ್ತಾನೆ. ಕರ್ಣ ಬರುವುದಿಲ್ಲ. ಇಷ್ಟೇ ಕಥೆ. ಬರುವುದಿಲ್ಲ ಎಂದು ಅವನು ಹೇಗೆ ಹೇಳುತ್ತಾನೆ ಎಂಬುದನ್ನು ಕೇಳಲಿಕ್ಕೆ ಜನ ಸೇರುವುದು.

ಕಳೆದ ವರ್ಷ ಟೈಲರು ಹೇಳಿದ್ದು ಹೀಗೆ: "ಅಂದು ರಂಗದ ನಡುವೆ ನಿಲ್ಲಿಸಿ ಕುಲ ಯಾವುದೆಂದು ಕೇಳಿದಿರಿ. ಇಂದು ಕುಲ ಕೊಡಲು ಬಂದಿರಿ. ಈ ಮಣ್ಣಿನಲ್ಲಿ ಆಡಿ ಬೆಳೆದವನಿಗೆ, ನಮ್ಮವನು ಎಂದು ನೀವು ಬರೆದುಕೊಡುವ ಚೀಟಿ ಬೇಕೇ ಕೃಷ್ಣಾ?" ಸಭೆ ಚಪ್ಪಾಳೆ ಹೊಡೆಯಿತು. ನಾನೂ ಪಾತ್ರ ಮರೆತು ತಲೆಯಾಡಿಸಿದೆ. ಮೂರು ದಿನ ಕಳೆದ ಮೇಲೆ ಆ ಅರ್ಧ ನಿಮಿಷ ಮೊಬೈಲಿನಿಂದ ಮೊಬೈಲಿಗೆ ಹಾರತೊಡಗಿತು. ಹಿಂದಿನ ಪದವೂ ಇಲ್ಲ, ಮುಂದಿನ ನನ್ನ ಮಾತೂ ಇಲ್ಲ. ಕೊನೆಯ 'ಕೃಷ್ಣಾ' ಕೂಡ ಇಲ್ಲ. ಬಿಳಿ ಗಡ್ಡದ ಒಬ್ಬ ಬ್ಯಾರಿ ಶಾಲು ಹೊದ್ದು ಕೈಯೆತ್ತಿ ಮಾತಾಡುತ್ತಿದ್ದಾರೆ, ಅಷ್ಟೇ. ಮೇಲೆ ಯಾರೋ ಬರೆದಿದ್ದರು: 'ಇವರಿಗೆ ಚೀಟಿ ಬೇಡವಂತೆ, ಕೇಳಿದಿರಾ?' ತಾಳಮದ್ದಳೆಯಲ್ಲಿ ವೇಷ ಇಲ್ಲದ್ದರಿಂದ ಆದ ಅನಾಹುತ ಇದು. ಕಿರೀಟ ಇದ್ದಿದ್ದರೆ ಕರ್ಣ ಮಾತಾಡುತ್ತಿದ್ದಾನೆ ಎಂದು ಸಣ್ಣ ಮಗುವಿಗೂ ತಿಳಿಯುತ್ತಿತ್ತು.

ಆ ಚೀಟಿಯ ಮಾತು ಹಿಂದಿನ ಯಾವ ವರ್ಷವೂ ಇರಲಿಲ್ಲ. ನಾನು ಆಮೇಲೆ ಅವರನ್ನು ಕೇಳಿದ್ದೆ, ಅದು ಕರ್ಣನದ್ದಾ, ನಿಮ್ಮದ್ದಾ ಎಂದು. "ಬಂತು ಮಾಷ್ಟ್ರೇ," ಎಂದಿದ್ದರು ಅವರು. "ಬಂದದ್ದನ್ನು ಬಾಯಲ್ಲಿ ತಡೆದು ಯಾರದ್ದು ಅಂತ ವಿಚಾರಿಸ್ಲಿಕ್ಕೆ ಆಗ್ತದಾ?"

ಇನ್ನು ಆ ಇಂಡೋನೇಷ್ಯಾದವರು. ನನ್ನ ಸೊಸೆ ಬೆಳ್ತಂಗಡಿಯಲ್ಲಿ ಇಂಗ್ಲಿಷ್ ಕಲಿಸುವವಳು. ಮೂಡುಬಿದಿರೆಯಲ್ಲಿ ನಡೆದ ಯಾವುದೋ ವಿಚಾರ ಸಂಕಿರಣದಲ್ಲಿ ಅವರ ಪರಿಚಯವಾಗಿ, "ನನ್ನ ಮಾವ ಅರ್ಥ ಹೇಳ್ತಾರೆ" ಎಂದುಬಿಟ್ಟಿದ್ದಳು. ಆಮೇಲೆ ನನ್ನ ಮೂರು ವಾರ ಅವರದ್ದಾಯಿತು. ಐವತ್ತು ದಾಟಿದ ಹೆಂಗಸು, ತಲೆಗೆ ಬೂದುಬಣ್ಣದ ವಸ್ತ್ರ, ಕೈಯಲ್ಲಿ ಸದಾ ಒಂದು ಪುಸ್ತಕ. ಜಾವಾದಲ್ಲಿ ಕಾಲೇಜಿನ ಅಧ್ಯಾಪಕಿ. ಅವರ ತಂದೆ ತೊಗಲುಗೊಂಬೆ ಆಡಿಸುವವರಾಗಿದ್ದರು. ಅವರಲ್ಲಿ ಅದಕ್ಕೆ ವಾಯಾಂಗ್ ಎಂದು ಹೆಸರು. ಒಂದು ಪರದೆ, ಒಂದು ದೀಪ, ಒಬ್ಬನೇ ಮನುಷ್ಯ. ಪಾಂಡವರು, ಕೌರವರು, ಕುಂತಿ, ದ್ರೌಪದಿ ಎಲ್ಲರ ಮಾತೂ ಅವನೊಬ್ಬನದೇ. ಅದೂ ಆ ಹೊತ್ತಿಗೆ ಹುಟ್ಟಿದ ಮಾತು.

"ಬರೆದಿಟ್ಟದ್ದು ಇಲ್ವಾ?" ಎಂದು ಕೇಳಿದ್ದೆ.

ಸೊಸೆ ಅತ್ತ ಇಂಗ್ಲಿಷಿನಲ್ಲಿ ಕೇಳಿ ಇತ್ತ ಹೇಳಿದಳು: "ಬರೆದಿಟ್ಟದ್ದನ್ನು ಓದುವವನಿಗೆ ಅಲ್ಲಿ ಯಾರೂ ಊಟ ಹಾಕೋದಿಲ್ಲವಂತೆ ಮಾವ."

ಅಲ್ಲಿಗೆ ನಮ್ಮ ದೋಸ್ತಿ ಗಟ್ಟಿಯಾಯಿತು.

ಕಾರ್ಯದರ್ಶಿ ಬಂದುಹೋದ ಎರಡನೆಯ ದಿನ ನಾವು ಮೂವರು ತೋಡಾರಿಗೆ ಹೊರಟೆವು. ಕಾರು ಸೊಸೆಯದು. ಕರ್ಣ ಹೇಳುವವರನ್ನು ನೋಡಬೇಕು ಎಂದು ಆ ಮೇಡಂ ಮೊದಲೇ ಕೇಳಿದ್ದರು. ನನಗೆ ಬೇರೆ ಕೆಲಸ ಇತ್ತು, ಹೇಳಲಿಕ್ಕೆ ಬಾಯಿ ಬಾರದ ಕೆಲಸ. ದಾರಿಯಲ್ಲಿ ನಾನು ಮಾತು ತಪ್ಪಿಸಲು ಅವರ ದೇಶದ ವಿಷಯ ಕೆದಕಿದೆ. ಅಲ್ಲಿ ಮುಸ್ಲಿಮರಿಗೇ ಅರ್ಜುನ, ವಿಷ್ಣು, ದೇವಿ ಎಂಬ ಹೆಸರು ಇದೆಯಂತೆ ಹೌದಾ, ಸರ್ಕಾರದ ಲಾಂಛನವೇ ಗರುಡನಂತೆ ಹೌದಾ ಎಂದೆಲ್ಲ. ಹೌದು ಹೌದು ಎಂದರು. ಎಷ್ಟು ಸಲ ಎಷ್ಟು ಜನ ಕೇಳಿದ್ದಾರೋ, ಆ ಹೌದಿನಲ್ಲಿ ಒಂದು ದಣಿವು ಇತ್ತು. ಆಮೇಲೆ ಅವರಾಗಿಯೇ ಸ್ವಲ್ಪ ಹೊತ್ತು ಹೇಳಿದರು. ಲವಂಗಕ್ಕೂ ಜಾಯಿಕಾಯಿಗೂ ಬಂದ ಡಚ್ಚರು ಶತಮಾನಗಟ್ಟಲೆ ಕೂತರು. ಆಮೇಲೆ ಜಪಾನಿನವರು ಮೂರೂವರೆ ವರ್ಷ. ಆಮೇಲೆ ಸ್ವಾತಂತ್ರ್ಯ, ಅದನ್ನು ಕಸಿಯಲು ಮತ್ತೆ ಬಂದ ಡಚ್ಚರ ಜತೆ ನಾಲ್ಕು ವರ್ಷದ ಹೊಡೆದಾಟ. ಸಾವಿರಾರು ದ್ವೀಪ, ನೂರಾರು ಭಾಷೆ, ಎಲ್ಲವನ್ನೂ ಹೊಲಿದು ಒಂದು ದೇಶ. ಐದು ತತ್ವಗಳನ್ನು ಮಾಡಿ ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. "ನನಗೆ ಈಗಲೂ ನಿದ್ದೆಯಲ್ಲಿ ಕೇಳಿದರೂ ಬರುತ್ತದೆ" ಎಂದು ನಕ್ಕರು.

ತೋಡಾರಿನಲ್ಲಿ ಹೆದ್ದಾರಿ ಅಗಲ ಮಾಡುವಾಗ ಟೈಲರ ಅಂಗಡಿಯ ಮುಂದಿನ ಭಾಗ ಹೋಗಿದೆ. ಉಳಿದ ಅರ್ಧದಲ್ಲಿ ಎರಡು ಮೆಷಿನು. ಹಿಂದೆ ಮನೆ. ಅವರು ಬಾಗಿಲಲ್ಲೇ ನಿಂತಿದ್ದರು.

"ಬನ್ನಿ ಕೃಷ್ಣ ಪರಮಾತ್ಮ. ರಥ ಹೊಸದಾ?"

"ಸೊಸೆಯದ್ದು. ನನಗೆ ಹಿಂದಿನ ಸೀಟು ಮಾತ್ರ."

"ಕೃಷ್ಣನನ್ನೇ ಹಿಂದೆ ಕೂರಿಸಿದಿಯಾ ಮಗಾ? ಕಲಿಯುಗ!" ಎಂದು ಸೊಸೆಯನ್ನು ಚುಡಾಯಿಸಿ, ಅತಿಥಿಗೆ ಸಲಾಂ ಹೇಳಿದರು. ಆಕೆಯೂ ಸಲಾಂ ಹೇಳಿದರು. ಅಷ್ಟು ಹೊತ್ತು ಇಂಗ್ಲಿಷನ್ನು ದಾಟಿ ದಾಟಿ ಬರುತ್ತಿದ್ದ ನಮ್ಮ ನಡುವೆ, ಯಾರೂ ಅನುವಾದಿಸಬೇಕಿಲ್ಲದ ಮೊದಲ ಮಾತು ಅದು. ಟೈಲರ ಹೆಂಡತಿ ಪತ್ತಿರಿ ಎಂಬ ಅಕ್ಕಿರೊಟ್ಟಿಯನ್ನೂ ಬಂಗುಡೆ ಮೀನಿನ ಸಾರನ್ನೂ ತಂದಿಟ್ಟರು. ಅತಿಥಿ ಕೈಯಲ್ಲೇ ಕಲಸಿ ತಿಂದು, ಖಾರಕ್ಕೆ ಕಣ್ಣೊರೆಸಿಕೊಂಡು, ಇನ್ನೊಂದು ಪತ್ತಿರಿ ಕೇಳಿ ಹಾಕಿಸಿಕೊಂಡರು.

ಊಟ ಮುಗಿದರೂ ನನ್ನ ಬಾಯಿಯಿಂದ ಆ ಮಾತು ಹೊರಡಲಿಲ್ಲ. ಮಳೆಯ ವಿಷಯ ಹೇಳಿದೆ. ಬಂಟ್ವಾಳದಲ್ಲಿ ನೇತ್ರಾವತಿ ಸಭಾಭವನದ ಮೆಟ್ಟಿಲ ತನಕ ಬಂದು ಇಳಿದದ್ದನ್ನು ಹೇಳಿದೆ. ಮಂಡಿನೋವು ಹೇಳಿದೆ.

"ಸಾಕು ಮಾಷ್ಟ್ರೇ," ಎಂದರು ಟೈಲರು. "ಪೀಠಿಕೆ ಉದ್ದ ಆಯ್ತು. ಕರ್ಣ ನಿಮಗೇ ಅಂತ ಗೊತ್ತುಂಟು ನನಗೆ. ನೋಟೀಸು ಮೊನ್ನೆಯೇ ಮೊಬೈಲಿಗೆ ಬಂದಿದೆ."

ನೋಟೀಸು ಆಗಲೇ ಅಚ್ಚಾಗಿತ್ತು! ಕಾರ್ಯದರ್ಶಿ ನನ್ನ ಒಪ್ಪಿಗೆ ಕೇಳಿದ್ದಾರೆ ಎಂದೇ ನಾನು ನಂಬಿದ್ದೆ. ಟೈಲರು ಮೊಬೈಲು ತೋರಿಸಿದರು. ಕರ್ಣ ಎಂದಿದ್ದಲ್ಲಿ ನನ್ನ ಹೆಸರು, ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ, ಇಂಡೋನೇಷ್ಯಾದ ವಿದುಷಿಗೆ ಸನ್ಮಾನ.

"ನಾನು ಒಪ್ಪಿಲ್ಲ," ಎಂದೆ.

"ಒಪ್ಪಿ. ನಿಮ್ಮ ಕರ್ಣ ಕೇಳಿದ ಹಾಗೂ ಆಗ್ತದೆ. ಮೂವತ್ತು ವರ್ಷ ಎದುರು ಕೂತು ಕದ್ದಿದ್ದೀರಲ್ಲ ನನ್ನ ಮಾತು, ಈಗ ಖರ್ಚು ಮಾಡಿ."

ನಾವು ನಕ್ಕದ್ದು ಅತಿಥಿಗೆ ಅರ್ಥವಾಗಲಿಲ್ಲ. ಸೊಸೆಯ ಕಡೆ ನೋಡಿದರು. ಸೊಸೆ ನನ್ನ ಕಡೆ ನೋಡಿದಳು, ಹೇಳಲಾ ಎಂಬಂತೆ. ಟೈಲರೇ ಹೇಳು ಎಂದರು. ವಿಡಿಯೊವನ್ನೂ ತೋರಿಸಿದರು.

ಆಕೆ ಅದನ್ನು ಎರಡು ಸಲ ನೋಡಿದರು. ಆಮೇಲೆ ಮಾತಾಡಿದ್ದೆಲ್ಲ ನಿಧಾನವಾಗಿ. ಸೊಸೆಯೂ ನಿಧಾನವಾಗಿ ಹೇಳಿದಳು.

ಅವರ ವಾಯಾಂಗಿನಲ್ಲಿ ಪಾಂಡವರ ಜತೆ ಒಬ್ಬ ಡೊಳ್ಳುಹೊಟ್ಟೆಯ ಸೇವಕ ಇರುತ್ತಾನೆ, ನಮ್ಮ ಹಾಸ್ಯಗಾರನ ಹಾಗೆ. ರಾಜರು ದೊಡ್ಡ ಭಾಷೆ ಮಾತಾಡುವಾಗ ಅವನು ಹಳ್ಳಿಯ ಮಾತಾಡುತ್ತಾನೆ, ಯಾರನ್ನು ಬೇಕಾದರೂ ಗೇಲಿ ಮಾಡುತ್ತಾನೆ. ಅವರಿಗೆ ಅವನೆಂದರೆ ಮನುಷ್ಯರೂಪದಲ್ಲಿ ಬಂದ ಹಳೆಯ ದೇವರು. ಇವರ ತಂದೆ ಒಂದು ಊರಿನಲ್ಲಿ ಆ ಗೊಂಬೆಯ ಬಾಯಲ್ಲಿ, ಗದ್ದೆ ಉಳುವವನ ಹೊಟ್ಟೆಯೂ ಗದ್ದೆಗೆ ಇಳಿಯದ ರಾಜನ ಹೊಟ್ಟೆಯೂ ಯಾಕೆ ಒಂದೇ ಅಳತೆಗೆ ಇಲ್ಲ ಎಂದು ಕೇಳಿಸಿದರಂತೆ. ಜನ ಬಿದ್ದು ಬಿದ್ದು ನಕ್ಕರು. ಯಾರೋ ಒಬ್ಬ ಬರೆದುಕೊಂಡ. ಮರುವರ್ಷ, ಅರವತ್ತೈದರಲ್ಲಿ, ರಾಜಧಾನಿಯಲ್ಲಿ ಸೇನಾಪತಿಗಳ ಕೊಲೆ ಆಗಿ, ಸೈನ್ಯದ ಕೈ ಮೇಲಾಗಿ, ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಕೊಂದ ಕಾಲ ಬಂತು. ಕೊಂದವರು ಹೊರಗಿನವರಲ್ಲ, ಡಚ್ಚರಲ್ಲ, ಪಕ್ಕದ ಊರಿನವರೇ. ಎಷ್ಟು ಜನ ಸತ್ತರೆಂದು ಈಗಲೂ ಯಾರೂ ಸರಿಯಾಗಿ ಹೇಳುವುದಿಲ್ಲವಂತೆ. ಆ ಬರೆದುಕೊಂಡ ಕಾಗದ ಹೊರಗೆ ಬಂತು. ತಂದೆಯನ್ನು ಕರೆದುಕೊಂಡು ಹೋದರು. ವಿಚಾರಣೆ ಇಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು, ದೂರದ ಒಂದು ದ್ವೀಪದಲ್ಲಿ ಕಾಡು ಕಡಿಯುವ ಶಿಕ್ಷೆ.

"ಗೊಂಬೆ ಹೇಳಿದ್ದು ಅಂತ ಹೇಳ್ಲಿಲ್ವಾ ಅವರು?" ಟೈಲರು ಕೇಳಿದರು.

"ಹೇಳಿದರಂತೆ. ಗೊಂಬೆಯ ಸಹಿ ತನ್ನಿ ಎಂದರಂತೆ."

ಟೈಲರು ನಗಲಿಕ್ಕೆ ಹೊರಟು ನಿಲ್ಲಿಸಿದರು.

ಆಕೆ ಹುಟ್ಟಿದ್ದು ತಂದೆ ಆ ದ್ವೀಪದಲ್ಲಿದ್ದ ವರ್ಷಗಳಲ್ಲೇ ಆಗಬೇಕಲ್ಲ, ಅದು ಹೇಗೆ ಎಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಆಕೆಗೆ ಅದು ತಿಳಿದಂತೆ ಕಂಡಿತು. ತಾಯಿಯನ್ನೂ ಆ ದ್ವೀಪಕ್ಕೇ ಕಳಿಸಿದ್ದರು, ತಾನು ಅಲ್ಲೇ ಹುಟ್ಟಿದ್ದು ಎಂದರು. ಊರಿಗೆ ಬಂದ ಮೇಲೆ ತಂದೆಯ ಗುರುತಿನ ಚೀಟಿಯ ಮೇಲೆ ಎರಡು ಅಕ್ಷರ ಒತ್ತಿದ್ದರು, ಮಾಜಿ ಕೈದಿ ಎಂಬ ಅರ್ಥದ್ದು. ಆ ಎರಡು ಅಕ್ಷರ ಇದ್ದವನು ಗೊಂಬೆ ಮುಟ್ಟಬಾರದು, ಮೇಷ್ಟ್ರಾಗಬಾರದು, ಅವನ ಮಕ್ಕಳಿಗೆ ಸರ್ಕಾರಿ ಕೆಲಸ ಇಲ್ಲ. ದೇಶ ಆಳುತ್ತಿದ್ದ ಸೇನಾಧಿಕಾರಿ ಮೂವತ್ತು ವರ್ಷ ಕಳೆದು ಇಳಿದ ಮೇಲೆಯೇ ತಂದೆ ಮತ್ತೆ ಪರದೆಯ ಹಿಂದೆ ಕೂತದ್ದು. ಆಗ ಅವರಿಗೆ ಎಪ್ಪತ್ತು.

"ಹೇಗೆ ಆಡಿಸಿದರು?" ನಾನು ಕೇಳಿದೆ.

"ಯುದ್ಧ ಚೆನ್ನಾಗಿತ್ತು" ಎಂದರು ಆಕೆ. "ಡೊಳ್ಳುಹೊಟ್ಟೆಯವನು ಮಾತ್ರ ಬಾಯಿ ತೆರೆಯಲಿಲ್ಲ." ಅಷ್ಟೇ. ಆಮೇಲೆ, ಈಗ ಸರ್ಕಾರದ ಕಾಟ ಇಲ್ಲ, ಈಗ ನೆರೆಮನೆಯ ಹೊಸ ಪೀಳಿಗೆಯವರು ಬಂದು ಗೊಂಬೆ ಆಡಿಸುವುದು ಧರ್ಮಕ್ಕೆ ವಿರುದ್ಧ ಎನ್ನುತ್ತಾರೆ, ಎಂದರು. ಯಾರ ಮೇಲೂ ದೂರು ಹೇಳುವ ಧ್ವನಿ ಅದಾಗಿರಲಿಲ್ಲ. ಮನೆಯ ಮಾಡು ಎಲ್ಲೆಲ್ಲಿ ಸೋರುತ್ತದೆ ಎಂದು ತೋರಿಸುವ ಹಾಗಿತ್ತು.

ಸಂಜೆ ಮನೆಗೆ ಬಂದು ಕಾರ್ಯದರ್ಶಿಗೆ ಫೋನು ಮಾಡಿದೆ. ಟೈಲರು ಇಲ್ಲದಿದ್ದರೆ ನಾನೂ ಕೂರುವುದಿಲ್ಲ ಎಂದೆ. ಈ ಮಾತಿಗಾಗಿ ದಾರಿಯುದ್ದಕ್ಕೂ ಎಷ್ಟು ಪದ ಜೋಡಿಸಿದ್ದೆ! ಅವರು ವಾದಿಸುತ್ತಾರೆ, ನಾನು ಗುರುಗಳ ಹೆಸರೆತ್ತಬೇಕು, ಅವರು ಸೋಲಬೇಕು ಎಂದೆಲ್ಲ.

"ಹೌದಾ? ಛೆ," ಎಂದರು ಅವರು. "ಆಯ್ತು ಮಾಷ್ಟ್ರೇ, ನಿಮಗೂ ಪ್ರಾಯ ಆಯ್ತಲ್ಲ. ವಿಶ್ರಾಂತಿ ತಕ್ಕೊಳ್ಳಿ. ಕರ್ಣನಿಗೆ ಬೇರೆ ಜನ ನೋಡ್ತೇನೆ. ಮೇಡಮ್ಮನ್ನು ಮಾತ್ರ ತಪ್ಪದೆ ಕಳಿಸಿಕೊಡಿ."

ಕೂಟ ನಡೆಯಿತು. ನಾವಿಬ್ಬರೂ ಇಲ್ಲದೆಯೇ, ಚೆನ್ನಾಗಿಯೇ ನಡೆಯಿತಂತೆ. ಎಲ್ಲಿ ಅವರು ಎಂದು ಇಬ್ಬರು ಮೂವರು ಕೇಳಿದರಂತೆ. ಆರೋಗ್ಯ ಸರಿಯಿಲ್ಲ ಎಂದು ಮೈಕಿನಲ್ಲೇ ಹೇಳಿದರಂತೆ. ಅತಿಥಿ ಹೋದರು. ಸೊಸೆಯೇ ಕರೆದುಕೊಂಡು ಹೋದಳು. ಹೋಗುತ್ತೀರಾ ಎಂದು ನಾನು ಕೇಳಿದ್ದಕ್ಕೆ ಆಕೆ, "ನನ್ನನ್ನು ಇಲ್ಲಿಗೆ ಕರೆಸಿದ ಸಂಕಿರಣದವರ ಮರ್ಯಾದೆ ಉಂಟಲ್ಲ. ಎಲ್ಲಿ ಎದ್ದುಹೋಗಬೇಕು, ಎಲ್ಲಿ ಕೂತಿರಬೇಕು ಎಂದು ನನ್ನ ತಾಯಿ ನನಗೆ ಚೆನ್ನಾಗಿ ಕಲಿಸಿದ್ದಾಳೆ" ಎಂದಿದ್ದರು. ನನಗೆ ಬೇಸರವಾಯಿತು. ಆಮೇಲೆ, ಬೇಸರ ಪಡುವ ಹಕ್ಕು ನನಗೆಷ್ಟು ಎಂದೂ ಅನಿಸಿತು. ಅವರು ಒಂದು ಶಾಲು, ಒಂದು ಬುಟ್ಟಿ ಹಣ್ಣು, ಒಂದು ದೊಡ್ಡ ಸ್ಮರಣಿಕೆ ಹಿಡಿದು ಬಂದರು. ಹಣ್ಣಿನ ಬುಟ್ಟಿಯನ್ನು ನಮ್ಮ ಮನೆಯಲ್ಲೇ ಬಿಟ್ಟರು.

ಅವರು ಊರಿಗೆ ಹೊರಡುವ ಮೊದಲಿನ ಭಾನುವಾರಕ್ಕೆಂದು ಟೈಲರ ಫೋನು ಬಂತು. "ಆ ಮೇಡಂ ಕರ್ಣನನ್ನು ಕೇಳ್ಲಿಕ್ಕೆ ಬಂದವರು. ಕೇಳದೆ ಹೋಗುವುದು ಬೇಡ. ನೀವು ಬನ್ನಿ, ನಾವೇ ಮಾತಾಡುವ. ಭಾಗವತರು ಇಲ್ಲ, ಮದ್ದಳೆ ಇಲ್ಲ. ಬಾಯಿ ಉಂಟಲ್ಲ?"

ನನಗೆ ಸಂತೋಷವಾಯಿತು. ಎರಡು ವಾರದಿಂದ ಆ ಮನುಷ್ಯ ಇದನ್ನು ಮನಸ್ಸಿಗೆ ಹಚ್ಚಿಕೊಂಡರೋ ಎಂಬ ಹೆದರಿಕೆ ಇತ್ತು ನನಗೆ. ಈಗ ಸರಿಹೋಯಿತು ಎಂದುಕೊಂಡೆ. ಭಾನುವಾರ ಬೆಳಿಗ್ಗೆಯೇ ಗಡ್ಡ ಹೆರೆದು, ಊಟ ಮುಗಿಸಿ, ಅವರೇ ಹೊಲಿದ ಜುಬ್ಬ ಹಾಕಿಕೊಂಡು ಹೊರಟೆ.

ಮಧ್ಯಾಹ್ನ ಮೂರು ಗಂಟೆ. ಅಂಗಡಿಯ ಬಾಗಿಲು ಅರ್ಧ ಎಳೆದು, ಮೆಷಿನುಗಳನ್ನು ಗೋಡೆಗೆ ಸರಿಸಿ, ಚಾಪೆ ಹಾಸಿದ್ದರು. ಅತಿಥಿ ಒಂದು ಸ್ಟೂಲಿನ ಮೇಲೆ, ಪಕ್ಕದಲ್ಲಿ ಸೊಸೆ. ಟೈಲರ ಹೆಂಡತಿ ಒಳಬಾಗಿಲಲ್ಲಿ. ಹೊರಗೆ ಲಾರಿಗಳು ಹೋಗುತ್ತಿದ್ದವು. ಆಕೆ ಮೊಬೈಲು ತೆಗೆದು, ರೆಕಾರ್ಡ್ ಮಾಡಬಹುದಾ ಎಂದು ಸನ್ನೆಯಲ್ಲಿ ಕೇಳಿದರು. ಟೈಲರು ಕೈಮುಗಿದು ಬೇಡ ಎಂದರು. ಆಕೆ ತಕ್ಷಣ ಚೀಲಕ್ಕೆ ಹಾಕಿ, ಚೀಲವನ್ನು ದೂರ ಇಟ್ಟರು.

ನಾನು ಸುರುಮಾಡಿದೆ. ಪದ ಇಲ್ಲದೆ ಅರ್ಥ ಹೇಳುವುದು ನೀರಿಲ್ಲದ ಹೊಳೆಯಲ್ಲಿ ದೋಣಿ ನೂಕಿದ ಹಾಗೆ, ಆದರೂ ನಿಧಾನವಾಗಿ ಹರಿಯಿತು. ಕೃಷ್ಣ ಕರ್ಣನ ಕೈ ಹಿಡಿದ. ಸೂರ್ಯನ ವಿಷಯ ಹೇಳಿದ, ಗಂಗೆಯಲ್ಲಿ ತೇಲಿದ ಪೆಟ್ಟಿಗೆಯ ವಿಷಯ ಹೇಳಿದ. ಮೂವತ್ತು ವರ್ಷ ಎದುರುಬದುರು ಕೂತವರಿಗೆ ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿರುತ್ತದೆ. ಎಲ್ಲಿ ಅವರು ನನ್ನ ಮಾತಿಗೆ ಅಡ್ಡ ಬರುತ್ತಾರೋ ಅಲ್ಲಿ ನಾನು ಒಂದು ಕ್ಷಣ ನಿಲ್ಲಿಸುತ್ತೇನೆ, ಬೇಲಿಯಲ್ಲಿ ಕಂಡಿ ಬಿಟ್ಟ ಹಾಗೆ. ನಿಲ್ಲಿಸಿದೆ. ಅವರು ಬರಲಿಲ್ಲ. ಇನ್ನೊಂದು ಕಂಡಿ ಬಿಟ್ಟೆ. "ಹೇಳು ಕೃಷ್ಣ, ಕೇಳುತ್ತಿದ್ದೇನೆ," ಎಂದರು.

ನಾನು ಕೆಣಕಿದೆ. "ಸೂತನ ಮನೆಯ ಅನ್ನ ನಾಲಗೆಯನ್ನೂ ಮೊಂಡು ಮಾಡಿತೇ ಕರ್ಣ?" ಎಂದೆ. ಬೇರೆ ವರ್ಷವಾದರೆ ಈ ಒಂದು ಮಾತಿಗೆ ಅವರು ನನ್ನನ್ನು ಕಾಲು ಗಂಟೆ ಎತ್ತಿ ಎತ್ತಿ ಒಗೆಯುತ್ತಿದ್ದರು. ಸಾಕುತಾಯಿ ರಾಧೆಯ ಮೇಲಿನ ಅವರ ಮಾತಿಗೆ ಬಂಟ್ವಾಳದ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆ ದಿನ ಅವರು ತಲೆ ತಗ್ಗಿಸಿ ಚಾಪೆಯ ಒಂದು ಎಳೆಯನ್ನು ನೇರ ಮಾಡಿದರು. ಆಮೇಲೆ, ಅದೇ ಕರ್ಣನ ಗಂಭೀರ ಧ್ವನಿಯಲ್ಲಿ, ಶುದ್ಧ ಕನ್ನಡದಲ್ಲಿ ಹೇಳಿದರು:

"ಆಗಲಿ ಕೃಷ್ಣ. ನೀನು ಕರೆದಲ್ಲಿಗೆ ಬರುತ್ತೇನೆ. ನೀನು ಹೇಳಿದ ಕುಲ ನನ್ನ ಕುಲ. ನಡೆ."

ಕರ್ಣ ಒಪ್ಪಿಕೊಂಡುಬಿಟ್ಟ!

ಇಷ್ಟು ವರ್ಷ ಸೋತು ಹಿಂತಿರುಗುವ ಕೃಷ್ಣನನ್ನು ಮಾತ್ರ ಆಡಿದವನು ನಾನು. ಗೆದ್ದ ಕೃಷ್ಣ ಏನು ಮಾಡುತ್ತಾನೆ? ಕರ್ಣ ಬಂದುಬಿಟ್ಟರೆ ಯುದ್ಧವಿಲ್ಲ, ಭಾರತವಿಲ್ಲ. ಸೊಸೆ ಹೇಳಿದ್ದನ್ನು ಕೇಳಿ ಅತಿಥಿ ಪುಸ್ತಕದಿಂದ ತಲೆ ಎತ್ತಿ, ನಿಮ್ಮಲ್ಲಿ ಈ ಕಥೆಗೆ ಹೀಗೂ ಒಂದು ಪಾಠ ಉಂಟಾ ಎಂದು ಕೇಳಿದರು.

"ಬರ್ಕೊಳ್ಲಿ ಮಗಾ," ಎಂದರು ಟೈಲರು. "ತೋಡಾರು ಪಾಠ."

ನಾನು ಬಿಡಲಿಲ್ಲ. ಅಷ್ಟಕ್ಕೇ ಎದ್ದು ಚಾ ಕುಡಿದು ಬರಬಹುದಿತ್ತು, ಆದರೆ ನನ್ನೊಳಗೆ ಏನೋ ಹಟ ಹಿಡಿಯಿತು. ಕೃಷ್ಣನಾಗಿಯೇ ನಾನು ಕರ್ಣನ ಪರವಾಗಿ ವಾದಿಸತೊಡಗಿದೆ. "ನಿಲ್ಲು ಕರ್ಣ. ಬರಬೇಡ. ಬೇಕಾದಾಗ ಮೂಲೆಯಿಂದ ಎಳೆದು, ಬೇಡವಾದಾಗ ಮೂಲೆಗೆ ತಳ್ಳುವ ಮನೆ ಅದು. ಹೊರಗಿನಿಂದ ಬಂದವರಿಗೆ ಹಾರ ಹಾಕಿ, ಒಳಗಿನವನನ್ನು ಬಾಗಿಲಲ್ಲಿ ನಿಲ್ಲಿಸಿ ಯಾರು ನೀನು ಎನ್ನುವ ಮನೆ. ಅಂಥ ಮನೆಗೆ ನಾನು ಕರೆದೆನೆಂದು ನೀನು ಬರುತ್ತೀಯಾ? ಇಷ್ಟು ವರ್ಷ ನನ್ನನ್ನು ಸೋಲಿಸಿದ ಆ ಕಿಚ್ಚು ಎಲ್ಲಿ? ಬಯ್ಯಿ ನನ್ನನ್ನು. ನಿನ್ನ ನಾಲಗೆಯನ್ನು ಯಾರಿಗೆ ಹೆದರಿ ಹಲ್ಲಿನ ಹಿಂದೆ ಕೂರಿಸಿದ್ದೀ?"

ನನ್ನ ಜೀವಮಾನದಲ್ಲೇ ನಾನು ಅಷ್ಟು ಚೆನ್ನಾಗಿ ಅರ್ಥ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಎದ್ದು ನಿಂತಿದ್ದೆ, ಹಾಗೆ ಏಳುವ ಕ್ರಮವೇ ಇಲ್ಲ.

ಟೈಲರು ಕೊನೆಯ ತನಕ ಕೇಳಿದರು. ಆಮೇಲೆ ಕರ್ಣನ ಧ್ವನಿ ಬಿಟ್ಟು, ಪೇಟೆಯ ತಮ್ಮ ಧ್ವನಿಯಲ್ಲಿ ಹೇಳಿದರು. "ಒಳ್ಳೆದಾಯ್ತು ಮಾಷ್ಟ್ರೇ. ಭಾರೀ ಒಳ್ಳೆದಾಯ್ತು. ನೀವು ಇದನ್ನು ಬಂಟ್ವಾಳದಲ್ಲಿ ಮೈಕಿನ ಎದುರು ಹೇಳ್ಬಹುದು. ಯಾರು ಬೇಕಾದ್ರೂ ವಿಡಿಯೊ ಮಾಡ್ಲಿ. ನಿಮ್ಮನ್ನು ಯಾರೂ ಎಂತದೂ ಕೇಳುವುದಿಲ್ಲ, ನೋಡಿ."

ಸೊಸೆ ಅನುವಾದ ಮಾಡಲಿಲ್ಲ. ಅತಿಥಿಯೂ ಕೇಳಲಿಲ್ಲ. ಅವರು ಸ್ಟೂಲಿನಿಂದ ಇಳಿದು ಚಾಪೆಯ ಅಂಚಿನಲ್ಲಿ ಟೈಲರ ಪಕ್ಕ ಕೂತು, ತಮ್ಮ ಭಾಷೆಯಲ್ಲೇ ಒಂದು ಮಾತು ಹೇಳಿದರು. ಏನೆಂದು ಅಲ್ಲಿದ್ದ ಯಾರಿಗೂ ತಿಳಿಯದು. ಟೈಲರು ತಲೆಯಾಡಿಸಿದರು.

ನಾನು ಕೂರಲು ನೋಡಿದೆ, ಮಂಡಿ ಬಗ್ಗಲಿಲ್ಲ. ಟೈಲರೇ ಎದ್ದು ಬಂದು ನನ್ನ ಕಂಕುಳಿಗೆ ಕೈಕೊಟ್ಟು ಕೂರಿಸಿದರು.